ಹವಳದ ತೊಟ್ಟಿಗೆ ಕಲ್ಲನ್ನು ಆರಿಸುವ ಬಗೆ

ಕೆಲವು ವರ್ಷಗಳ ಹಿಂದೆ, ಬೆಂಗಳೂರಿನ ನಮ್ಮ ಮನೆಯ ನಡುಮನೆಯಲ್ಲಿ ಇರಿಸಿದ್ದ 200 ಲೀಟರಿನ ಉಪ್ಪುನೀರಿನ ತೊಟ್ಟಿಗೆ, ಈ ಹವ್ಯಾಸವನ್ನು ಕೈಬಿಟ್ಟಿದ್ದವರೊಬ್ಬರಿಂದ ಅಗ್ಗಕ್ಕೆ ದೊರೆತ ಏಳು ಕಲ್ಲುಗಳನ್ನು ತಂದು, ಚೆನ್ನಾಗಿ ತಿಕ್ಕಿ ತೊಳೆದು, ಬಹಳ ಸಂತೋಷದಿಂದ ಜೋಡಿಸಿದೆ. ಮೈಯೆಲ್ಲ ತೂತುತೂತಾದ, ಅಲ್ಲಲ್ಲಿ ನಸುನೇರಳೆಯ ಬಣ್ಣ ಹಿಡಿದ, ನೋಡಿದವರು ಒಂದು ಮಾತು ಹೊಗಳದೆ ಹೋಗಲಾರದಂಥ ಕಲ್ಲುಗಳು ಅವು. ನಾಲ್ಕನೆಯ ದಿನ ಬೆಳಗ್ಗೆ ಎದ್ದು ನೋಡುವಾಗ, ರಾತ್ರಿಯೆಲ್ಲ ಗಾಜಿನ ಮೇಲೆ ಹರಿದಾಡಿ ಪಾಚಿ ಮೇಯುತ್ತಿದ್ದ ಬಸವನಹುಳುಗಳು ಒಂದೂ ಉಳಿಯದಂತೆ ಹಿಡಿತ ಸಡಿಲಿ, ಮರಳಿನ ಮೇಲೆ ಅಂಗಾತ ಬಿದ್ದಿದ್ದವು. ಕೆಂಪು ಪಟ್ಟೆಯ ಸಿಗಡಿಯೊಂದು ಕಲ್ಲಿನ ಸಂದಿಯಲ್ಲಿ ಒಂದು ಮಗ್ಗುಲಿಗೆ ಹೊರಳಿ, ಕಾಲುಗಳನ್ನು ಮೆಲ್ಲಗೆ ಆಡಿಸುತ್ತಿತ್ತು. ಮೀನುಗಳು ಮಾತ್ರ ಏನೂ ಆಗದಂತೆ ಈಜುತ್ತಿದ್ದು, ನನ್ನನ್ನು ಕಂಡೊಡನೆ ಎಂದಿನಂತೆಯೇ ತಿನಿಸಿಗಾಗಿ ಮೇಲಕ್ಕೆ ಬಂದವು. ನೀರನ್ನು ಪರೀಕ್ಷಿಸಿದರೆ ಅಮೋನಿಯ ಇಲ್ಲ, ಉಪ್ಪು ಸರಿಯಾಗಿದೆ, ಉಷ್ಣತೆ ಸರಿಯಾಗಿದೆ. ಕೊನೆಗೆ ಕಲ್ಲು ಕೊಟ್ಟವರನ್ನೇ ವಿಚಾರಿಸಿದಾಗ, ಹಿಂದೊಮ್ಮೆ ತಮ್ಮ ಮೀನುಗಳಿಗೆ ಬಿಳಿಚುಕ್ಕೆಯ ರೋಗ ಬಂದಿತ್ತೆಂದೂ, ಆಗ ಅದೇ ತೊಟ್ಟಿಗೆ ತಾಮ್ರದ ಔಷಧಿಯನ್ನು ಹಾಕಿದ್ದೆನೆಂದೂ ಅವರು ಸಹಜವಾಗಿ ಹೇಳಿದರು.

ತಾಮ್ರದ ತಂಬಿಗೆಯಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವ ಮನೆತನದವರಾದ ನಮಗೆ, ಆ ಲೋಹವು ಮತ್ತೊಂದು ಜೀವಕುಲಕ್ಕೆ ಕಡುವಿಷವೆಂಬ ಮಾತು ಸುಲಭವಾಗಿ ಮನಸ್ಸಿಗೆ ಹತ್ತುವುದಿಲ್ಲ. ಮೀನಿನ ಮೈಗೆ ಅಂಟುವ ಪರೋಪಜೀವಿಗಳನ್ನು ಕೊಲ್ಲಲು ಲೀಟರಿಗೆ 0.15ರಿಂದ 0.25 ಮಿಲಿಗ್ರಾಮಿನಷ್ಟು ತಾಮ್ರವನ್ನು ನೀರಿನಲ್ಲಿ ಕೆಲವು ವಾರ ಇರಿಸುವುದು ರೂಢಿ. ಅಷ್ಟನ್ನು ಮೀನು ತಾಳಿಕೊಳ್ಳುತ್ತದೆ. ಬೆನ್ನೆಲುಬಿಲ್ಲದ ಪ್ರಾಣಿಗಳಾದ ಸಿಗಡಿ, ಏಡಿ, ಬಸವನಹುಳು, ಹವಳ ಇವು ಅದರ ಒಂದಂಶವನ್ನೂ ತಾಳಲಾರವು. ಹಾಕಿದ ತಾಮ್ರದಲ್ಲಿ ಒಂದು ಪಾಲು ನೀರನ್ನು ಬಿಟ್ಟು ಸುಣ್ಣದ ಕಲ್ಲಿಗೆ ಅಂಟಿಕೊಂಡು, ಅದರ ರಂಧ್ರಗಳೊಳಗೆ ಕುಳಿತು, ನೀರಿನ ಗುಣ ಕೊಂಚ ಬದಲಾದಾಗ ಮತ್ತೆ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುತ್ತದೆ. ತೊಳೆದರೆ ಹೋಗುವ ಕೊಳೆ ಇದಲ್ಲ. ಇಂತಹ ಕಲ್ಲನ್ನು ಶುದ್ಧಿಮಾಡುವ ಉಪಾಯಗಳನ್ನು ಹೇಳುವವರುಂಟು; ನಾನು ಅವನ್ನು ನಂಬಲಾರೆ. ಆ ಏಳು ಕಲ್ಲುಗಳನ್ನು ಮೀನುಗಳು ಮಾತ್ರವೇ ಇರುವ ಬೇರೊಂದು ತೊಟ್ಟಿಗೆ ಶಾಶ್ವತವಾಗಿ ವರ್ಗಾಯಿಸಿದೆ.

ಅಂದಿನಿಂದ ಯಾರು ಕಲ್ಲಿನ ವಿಚಾರವಾಗಿ ಕೇಳಿದರೂ ನಾನು ಹೇಳುವುದು ಇಷ್ಟೇ: ಅದರ ರೂಪವನ್ನು ನೋಡುವುದಕ್ಕೆ ಮೊದಲು ಅದರ ಪೂರ್ವವೃತ್ತಾಂತವನ್ನು ಕೇಳಿ ತಿಳಿಯಿರಿ. ಅದು ಹುಟ್ಟಿದ್ದೆಲ್ಲಿ, ಯಾವ ದ್ರವ್ಯದಿಂದ ಆದದ್ದು, ನಿಮ್ಮ ಕೈ ಸೇರುವ ಮುನ್ನ ಯಾವ ಯಾವ ನೀರನ್ನು ಕುಡಿದಿದೆ? ಈ ಮೂರಕ್ಕೆ ಉತ್ತರ ದೊರೆಯದ ಕಲ್ಲು ಎಷ್ಟೇ ಚೆಲುವಾಗಿದ್ದರೂ ತೋಟದಲ್ಲಿರಲಿ, ತೊಟ್ಟಿಗೆ ಬೇಡ.

ಹವಳದ ತೊಟ್ಟಿಯಲ್ಲಿ ಕಲ್ಲು ಅಲಂಕಾರದ ವಸ್ತುವೆಂದು ಭಾವಿಸುವುದರಿಂದಲೇ ಅನೇಕ ಅನರ್ಥಗಳು ಹುಟ್ಟುತ್ತವೆ. ಇಂಡೋನೇಷ್ಯದ ಜಕಾರ್ತದಲ್ಲಿದ್ದ ಲೀ ಚಿನ್ ಎಂಗ್ ಎಂಬ ಹವ್ಯಾಸಿಯು, ಶೋಧಕ ಯಂತ್ರಗಳ ನೆರವಿಲ್ಲದೆ, ಸಮುದ್ರದಿಂದ ತಂದ ಜೀವಭರಿತವಾದ ಕಲ್ಲುಗಳನ್ನು ತೊಟ್ಟಿಯಲ್ಲಿರಿಸಿ, ಗಾಳಿಯ ಗುಳ್ಳೆಗಳನ್ನು ಹಾಯಿಸಿ, ಹವಳಗಳನ್ನು ಬದುಕಿಸಿ ತೋರಿಸಿದ ವೃತ್ತಾಂತವನ್ನು 1961ರಲ್ಲಿ ಪ್ರಕಟಿಸಿದಾಗ ಬಹುಮಂದಿ ನಂಬಲಿಲ್ಲ. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಇದೇ ಮಾರ್ಗವನ್ನು ಊರ್ಜಿತಗೊಳಿಸಿದ ಮೇಲೆ, ಕಲ್ಲೇ ತೊಟ್ಟಿಯ ಶುದ್ಧೀಕರಣದ ಅಂಗವೆಂಬುದು ಎಲ್ಲರಿಗೂ ಒಪ್ಪಿತವಾಯಿತು. ಮೀನಿನ ಮಲಮೂತ್ರಗಳಿಂದಲೂ ಉಳಿದ ತಿನಿಸಿನಿಂದಲೂ ಹುಟ್ಟುವ ಅಮೋನಿಯವನ್ನು ಕಲ್ಲಿನ ಹೊರಮೈಯಲ್ಲಿ ನೆಲಸಿದ ಒಂದು ಬಗೆಯ ಬ್ಯಾಕ್ಟೀರಿಯಗಳು ನೈಟ್ರೈಟನ್ನಾಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ಆಮ್ಲಜನಕ ತಲಪದ ಒಳರಂಧ್ರಗಳಲ್ಲಿ ಬೇರೆ ಬ್ಯಾಕ್ಟೀರಿಯಗಳು ಆ ನೈಟ್ರೇಟಿನಿಂದ ಸಾರಜನಕವನ್ನು ಬೇರ್ಪಡಿಸಿ ಗಾಳಿಗೆ ಸೇರಿಸುತ್ತವೆ. ಹೀಗೆ ಒಂದೇ ಕಲ್ಲು ಹೊರಗೆ ಒಂದು ಕೆಲಸವನ್ನೂ ಒಳಗೆ ಇನ್ನೊಂದು ಕೆಲಸವನ್ನೂ ಹಗಲಿರುಳು ನಡೆಸುತ್ತಿರುವುದರಿಂದ, ನುಣುಪಾದ ಘನಶಿಲೆಗಿಂತ ರಂಧ್ರಮಯವಾದ ಶಿಲೆಯೇ ಇಲ್ಲಿ ಶ್ರೇಷ್ಠ.

ಇನ್ನು ದ್ರವ್ಯದ ಮಾತು. ಹವಳವು ತನ್ನ ಅಸ್ಥಿಪಂಜರವನ್ನು ಕಟ್ಟಿಕೊಳ್ಳುವುದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ, ಅಂದರೆ ನಾವು ಸುಣ್ಣಕಲ್ಲೆಂದು ಕರೆಯುವ ಪದಾರ್ಥದಿಂದ. ಸಮುದ್ರದ ನೀರು ಕ್ಷಾರಗುಣದ್ದು. ತೊಟ್ಟಿಯಲ್ಲಿ ಅದರ ಪಿಎಚ್ 8.1ರಿಂದ 8.4ರ ಒಳಗೂ, ಕ್ಯಾಲ್ಸಿಯಂ ಲೀಟರಿಗೆ 400ರಿಂದ 450 ಮಿಲಿಗ್ರಾಮಿನ ಸುಮಾರಿಗೂ ಇರಬೇಕು. ಈ ನೀರಿಗೆ ಹೊಂದುವ ಕಲ್ಲು ಸುಣ್ಣದ ಕುಲದ್ದೇ. ಸಿಹಿನೀರಿನ ಮೀನು ಸಾಕುವವರು ಇಂತಹ ಕಲ್ಲನ್ನು ದೂರವಿಡುತ್ತಾರೆ, ಏಕೆಂದರೆ ಅದು ಅವರ ನೀರನ್ನು ಗಡುಸುಮಾಡುತ್ತದೆ. ಆದ್ದರಿಂದ ಸಿಹಿನೀರಿನ ಪಾಠವನ್ನು ಉಪ್ಪುನೀರಿಗೆ ತರಬಾರದು. ಸುಣ್ಣಕಲ್ಲು ತಾನಾಗಿಯೇ ಕರಗಿ ತೊಟ್ಟಿಯ ಪಿಎಚ್ಚನ್ನು ಕಾಪಾಡುತ್ತದೆಂಬ ಮಾತು ಅಂಗಡಿಗಳಲ್ಲಿ ಬಹಳವಾಗಿ ಕೇಳಿಬರುತ್ತದಾದರೂ, ನೀರಿನ ಪಿಎಚ್ 8ರ ಮೇಲಿರುವಾಗ ಅದು ಕರಗುವುದು ಇಲ್ಲವೆಂಬಷ್ಟು ಅತ್ಯಲ್ಪವಾದುದರಿಂದ, ಆ ಆಶ್ವಾಸನೆಯನ್ನು ನೆಚ್ಚಿ ಕ್ಯಾಲ್ಸಿಯಮ್ಮನ್ನೂ ಕ್ಷಾರವನ್ನೂ ಅಳೆಯುವುದನ್ನು ಬಿಡತಕ್ಕದ್ದಲ್ಲ.

ಸುಣ್ಣದ ಕುಲವನ್ನು ಗುರುತಿಸಲು ದೊಡ್ಡ ಪ್ರಯೋಗಶಾಲೆ ಬೇಡ. ಕಲ್ಲನ್ನು ಒಣಗಿಸಿ, ಒಂದು ಮೂಲೆಯನ್ನು ಸುತ್ತಿಗೆಯಿಂದ ಮುರಿದು, ಹೊಸದಾಗಿ ತೆರೆದ ಮುಖದ ಮೇಲೆ ನಾಲ್ಕು ತೊಟ್ಟು ವಿನಿಗರನ್ನು ಬಿಡಿ. ಅದಿಲ್ಲದಿದ್ದರೆ ನಿಂಬೆಹಣ್ಣಿನ ರಸವೂ ಆದೀತು. ಸುಣ್ಣಕಲ್ಲಾಗಿದ್ದರೆ ತೊಟ್ಟಿನ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ಕಿವಿಯ ಬಳಿ ಹಿಡಿದರೆ, ಸೋಡಾ ಬಾಟಲಿಯನ್ನು ಆಗತಾನೆ ತೆರೆದಂತೆ ಮೃದುವಾದ ಒಂದು ಸರಸರ ಶಬ್ದ ಕೇಳಿಸುತ್ತದೆ. ತೊಟ್ಟು ಒಣಗಿದ ಮೇಲೆ ಆ ಜಾಗವನ್ನು ಬೆರಳಿನಿಂದ ಸವರಿದರೆ ಮೊದಲಿಗಿಂತ ಕೊಂಚ ಒರಟಾಗಿರುವುದು ತಿಳಿಯುತ್ತದೆ. ಮೆಗ್ನೀಸಿಯಂ ಹೆಚ್ಚಾಗಿರುವ ಡಾಲಮೈಟ್ ಶಿಲೆ ಮಾತ್ರ ಇಷ್ಟು ಬೇಗ ಉತ್ತರ ಕೊಡುವುದಿಲ್ಲ. ಅದನ್ನು ಪುಡಿಮಾಡಿ ಪರೀಕ್ಷಿಸಬೇಕು. ಹೊರಮೈಯಲ್ಲಿ ಪರೀಕ್ಷಿಸದೆ ಒಡೆದ ಮುಖದಲ್ಲಿ ಪರೀಕ್ಷಿಸಬೇಕೆನ್ನುವುದಕ್ಕೆ ಕಾರಣವುಂಟು: ಕಲ್ಲು ಕಟ್ಟಡದಿಂದ ಬಂದದ್ದಾದರೆ ಮೈಗಂಟಿದ ಗಾರೆಯೇ ನೊರೆಗಟ್ಟಿ ನಮ್ಮನ್ನು ವಂಚಿಸಬಹುದು. ಈ ಪರೀಕ್ಷೆಯ ಮಿತಿಯನ್ನೂ ಮರೆಯಬಾರದು. ನೊರೆ ಬಂದಿತೆಂದರೆ ಸುಣ್ಣವಿದೆಯೆಂದಷ್ಟೇ ಅರ್ಥ. ಅದರ ಜೊತೆಗೆ ಸೀಸ ತಾಮ್ರಗಳಿಲ್ಲವೆಂದು ಅರ್ಥವಲ್ಲ. ನನ್ನ ಆ ಏಳು ಕಲ್ಲುಗಳೂ ಸೊಗಸಾಗಿ ನೊರೆಗಟ್ಟುವಂಥವೇ.

ನಮ್ಮ ನಾಡಿನ ಕಲ್ಲುಗಳಲ್ಲಿ ಯಾವುವು ಆದಾವು ಎಂದು ಕೇಳುವವರು ಅನೇಕರು. ಕಲ್ಲಿಗೆ ಬರವಿಲ್ಲದ ನಾಡಾದುದರಿಂದ ಈ ಪ್ರಶ್ನೆ ಸಹಜವಾದದ್ದೇ. ಬೆಂಗಳೂರು, ತುಮಕೂರು, ರಾಮನಗರಗಳ ಸುತ್ತ ಎಲ್ಲೆಲ್ಲೂ ದೊರೆಯುವ ಗ್ರಾನೈಟು ಉಪ್ಪುನೀರಿನಲ್ಲಿ ಬಹುಮಟ್ಟಿಗೆ ನಿರ್ಲಿಪ್ತವಾಗಿರುತ್ತದೆ. ಆದರೆ ಅದಕ್ಕೆ ರಂಧ್ರಗಳಿಲ್ಲ, ತೂಕ ವಿಪರೀತ, ಹೀಗಾಗಿ ಅಡಿಗಲ್ಲಾಗಿ ಒಂದೆರಡು ತುಂಡು ಇರಿಸಬಹುದೇ ಹೊರತು ಅದರಿಂದ ತೊಟ್ಟಿಯನ್ನು ತುಂಬುವುದರಲ್ಲಿ ಪ್ರಯೋಜನವಿಲ್ಲ. ಕರಾವಳಿಯವರಿಗೆ ಮೊದಲು ಕಣ್ಣಿಗೆ ಬೀಳುವುದು ಮುರಕಲ್ಲು. ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ 1807ರ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಡೀ ಲೋಕದ ಭೂಗರ್ಭಶಾಸ್ತ್ರಕ್ಕೆ ನಮ್ಮ ಪಶ್ಚಿಮತೀರ ಕೊಟ್ಟ ಹೆಸರು ಅದು. ಜೇನುಗೂಡಿನಂತೆ ತೂತುತೂತಾಗಿರುವ ಈ ಕಲ್ಲನ್ನು ಕಂಡಾಗ ಹವಳದ ತೊಟ್ಟಿಗೆ ಹೇಳಿಮಾಡಿಸಿದಂತಿದೆಯೆಂದು ಯಾರಿಗಾದರೂ ತೋರದೆ ಇರದು. ಆದರೆ ಅದು ಕಬ್ಬಿಣ ಮತ್ತು ಅಲ್ಯುಮಿನಿಯಮ್ಮುಗಳ ಆಕ್ಸೈಡುಗಳಿಂದಾದುದು. ಕಬ್ಬಿಣದ ತುಕ್ಕು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲವೆಂಬುದು ನಿಜವೇ. ಆದರೂ ಆ ರಂಧ್ರಗಳಲ್ಲಿ ತುಂಬಿದ ಜೇಡಿಯು ಪಂಪಿನ ಪ್ರವಾಹಕ್ಕೆ ಸಿಕ್ಕಿ ತಿಂಗಳುಗಟ್ಟಲೆ ಕೆಂಪಾಗಿ ಇಳಿಯುತ್ತಿರುತ್ತದೆ, ಕಲ್ಲು ಅಂಚಿನಲ್ಲಿ ಉದುರುತ್ತದೆ, ಹವಳದ ಮೇಲೆ ದೂಳು ಕೂರುತ್ತದೆ. ಬೇಡವೇ ಬೇಡ.

ಬೇಲೂರು ಹಳೇಬೀಡುಗಳಲ್ಲಿ ಶಿಲ್ಪಿಯ ಉಳಿಗೆ ಅಷ್ಟು ಚೆನ್ನಾಗಿ ಒಲಿದ ಬಳಪದ ಕಲ್ಲು ಇಲ್ಲಿ ನಿರುಪಯೋಗಿ. ಅದಕ್ಕೆ ಸುಣ್ಣವೂ ಇಲ್ಲ, ರಂಧ್ರವೂ ಇಲ್ಲ. ಬಾದಾಮಿಯ ಮರಳುಗಲ್ಲಿನ ಕೆಂಪಿಗೆ ಕಾರಣ ಕಬ್ಬಿಣವೇ. ಕಲಬುರಗಿ ಕಡೆಯ ಶಹಾಬಾದು ಕಲ್ಲು ಸುಣ್ಣಕಲ್ಲಿನ ವರ್ಗಕ್ಕೆ ಸೇರಿದ್ದು, ವಿನಿಗರಿಗೆ ನೊರೆಗಟ್ಟುತ್ತದೆ. ಪಾಲಿಶ್ ಮಾಡದ, ಬಣ್ಣವಾಗಲಿ ಎಣ್ಣೆಯಾಗಲಿ ಹಚ್ಚದ ತುಂಡು ಸಿಕ್ಕಿದರೆ ಹವಳವನ್ನು ಕೂರಿಸುವ ಹಲಗೆಯಂತೆ ಬಳಸಬಹುದು, ಆದರೆ ಅದು ದಟ್ಟವಾದ ಕಲ್ಲಾದುದರಿಂದ ಬ್ಯಾಕ್ಟೀರಿಯಗಳಿಗೆ ಮನೆಯಾಗದು. ಸಂಡೂರಿನ ಸೀಮೆಯ ಕರಿಗೆಂಪು ಬಣ್ಣದ ಭಾರವಾದ ಕಲ್ಲುಗಳಲ್ಲಿ ಕಬ್ಬಿಣ ಮ್ಯಾಂಗನೀಸುಗಳುಂಟು. ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ತಾಮ್ರದ ಅದಿರನ್ನೇ ಅಗೆದು ತೆಗೆದಿದ್ದಾರೆಂಬುದನ್ನು ನೆನೆದರೆ, ಬೆಟ್ಟದಲ್ಲಿ ಬಿದ್ದಿರುವ ಕಲ್ಲೆಲ್ಲ ಶುದ್ಧವೆಂಬ ಭಾವನೆ ಎಷ್ಟು ಅಪಾಯಕಾರಿಯೆಂಬುದು ಗೊತ್ತಾಗುತ್ತದೆ. ಹೊರಗಿನಿಂದ ತಂದ ಯಾವ ಕಲ್ಲಿನಲ್ಲೇ ಆಗಲಿ ಹಸಿರು ಅಥವಾ ನೀಲಿಯ ಗೆರೆ, ಹಿತ್ತಾಳೆಯಂತೆ ಮಿನುಗುವ ಹರಳು, ತುಕ್ಕಿನ ಕಲೆ, ಗಾತ್ರಕ್ಕೆ ಮೀರಿದ ಭಾರ ಇವುಗಳಲ್ಲಿ ಒಂದು ಕಂಡರೂ ಬಿಟ್ಟುಬಿಡಿ. ಹಸಿರು ನೀಲಿಗಳು ತಾಮ್ರದ ಗುರುತು. ಹಿತ್ತಾಳೆಯ ಮಿನುಗು ಗಂಧಕ ಕೂಡಿದ ಕಬ್ಬಿಣದ ಗುರುತು. ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿ ಕಲ್ಲಿನ ಸುತ್ತ ಆಡಿಸಿ ನೋಡುವುದು ಒಳ್ಳೆಯದು. ಅದು ಎಳೆದರೆ ಕಲ್ಲಿನಲ್ಲಿ ಲೋಹವಿದೆ, ಎಳೆಯದಿದ್ದರೆ ಇಲ್ಲವೆಂದು ಹೇಳುವಂತಿಲ್ಲ, ಏಕೆಂದರೆ ತಾಮ್ರವು ಅಯಸ್ಕಾಂತಕ್ಕೆ ಓಗೊಡುವುದಿಲ್ಲ. ರಸ್ತೆಯಂಚಿನ ಕಲ್ಲು ಡೀಸೆಲನ್ನೂ ಹೊಲದ ಬದುವಿನ ಕಲ್ಲು ಕೀಟನಾಶಕವನ್ನೂ ಗೊಬ್ಬರವನ್ನೂ ಕುಡಿದಿರುತ್ತವೆ. ಅಂಗಡಿಗಳಲ್ಲಿ ಬಣ್ಣ ಹಚ್ಚಿ ಮಾರುವ ಬೆಣಚುಕಲ್ಲುಗಳ ವಿಚಾರವನ್ನು ಹೇಳಬೇಕಾದುದೇ ಇಲ್ಲ.

ಹಾಗಾದರೆ ಸಮುದ್ರದ ಕಲ್ಲನ್ನೇ ತರಬಾರದೇಕೆ ಎಂದರೆ, ಇಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಮಾತನಾಡಬೇಕಾಗಿದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಲಕ್ಷದ್ವೀಪ, ಅಂಡಮಾನ್, ಮನ್ನಾರ್ ಕೊಲ್ಲಿ, ಕಚ್ಛ್ ಕೊಲ್ಲಿಗಳಲ್ಲಿ ಹವಳದ ದಿಬ್ಬಗಳೇ ಇವೆ. ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕೂ ಕಟ್ಟಡಕ್ಕೂ ಎಂದು ದಶಕಗಳ ಕಾಲ ಹವಳವನ್ನು ಅಗೆದು ಸಾಗಿಸಿದುದರ ಫಲವನ್ನು ಆ ದಿಬ್ಬಗಳು ಇಂದಿಗೂ ಅನುಭವಿಸುತ್ತಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಎಲ್ಲ ಗಟ್ಟಿ ಹವಳಗಳನ್ನೂ ಕಪ್ಪು ಹವಳವನ್ನೂ ಸಮುದ್ರದ ಬೀಸಣಿಗೆಗಳನ್ನೂ ಸೇರಿಸಲಾಯಿತು. ಹುಲಿಗೆ ಯಾವ ರಕ್ಷಣೆಯೋ ಹವಳಕ್ಕೂ ಅದೇ ರಕ್ಷಣೆ. ಸತ್ತು ಬೆಳ್ಳಗಾಗಿ ದಡಕ್ಕೆ ಬಂದ ತುಂಡಾದರೂ ಈ ನಿಷೇಧದಿಂದ ಹೊರತಲ್ಲ. ಅಂತರರಾಷ್ಟ್ರೀಯ ವ್ಯಾಪಾರದ ವಿಷಯದಲ್ಲಿಯೂ ಗಟ್ಟಿ ಹವಳಗಳು, ಅವುಗಳ ಅಸ್ಥಿಯಿಂದಾದ ಜೀವಂತ ಕಲ್ಲುಗಳ ಸಮೇತ, ಸೈಟ್ಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದ್ದು, ಅನುಮತಿಪತ್ರವಿಲ್ಲದೆ ಗಡಿ ದಾಟುವಂತಿಲ್ಲ. ಆದುದರಿಂದ ಹವ್ಯಾಸಿಗಳು ಲೈವ್ ರಾಕ್ ಎಂದು ಕರೆಯುವ ಸಮುದ್ರಮೂಲದ ಕಲ್ಲನ್ನು ಮಾರಾಟಗಾರನು ತೋರಿಸಿದರೆ ಅದರ ಕಾಗದಪತ್ರಗಳನ್ನು ಕೇಳಿ. ತೊಟ್ಟಿಯಲ್ಲಿ ಬೆಳೆಸಲು ಕೊಳ್ಳುವ ಹವಳದ ವಿಚಾರದಲ್ಲಿಯೂ ಇದನ್ನೇ ಮಾಡಿ. ಪತ್ರವಿಲ್ಲವೆಂದರೆ ವ್ಯಾಪಾರವೂ ಬೇಡ. ಹವಳವನ್ನು ಪ್ರೀತಿಸುತ್ತೇವೆಂದು ಹೇಳಿಕೊಳ್ಳುವ ನಾವೇ ಕಡಲಿನ ಹವಳವನ್ನು ಕೀಳಿಸಿ ತಂದರೆ, ಆ ಪ್ರೀತಿಗೆ ಅರ್ಥವೇನು?

ನನ್ನ ಆಯ್ಕೆಯನ್ನು ಕೇಳಿದರೆ, ಇಂದು ಒಣಕಲ್ಲೇ ಮೇಲು. ಪುರಾತನ ಕಾಲದಲ್ಲಿ ಸಮುದ್ರವು ಹಿಂದೆ ಸರಿದಾಗ ನೆಲದ ಮೇಲೆ ಉಳಿದ ಹವಳದ ದಿಬ್ಬಗಳು ಸುಣ್ಣಶಿಲೆಯಾಗಿ ಮಾರ್ಪಟ್ಟಿರುವ ಗಣಿಗಳಿಂದ ಇದನ್ನು ತೆಗೆಯುತ್ತಾರೆ. ಅಮೆರಿಕದ ಫ್ಲಾರಿಡದಲ್ಲಿ ಸುಮಾರು 1,25,000 ವರ್ಷಗಳಷ್ಟು ಹಳೆಯ ಇಂತಹ ಶಿಲಾಸ್ತರವುಂಟು. ಜೀವಂತ ದಿಬ್ಬಕ್ಕೆ ಇದರಿಂದ ಹಾನಿಯಿಲ್ಲ, ಬೇಡದ ಜೀವಿಗಳು ಜೊತೆಯಲ್ಲಿ ಬರುವುದಿಲ್ಲ. ಸುಟ್ಟ ಮಣ್ಣಿನಿಂದ ಮಾಡಿದ ಸೆರಾಮಿಕ್ ಕಲ್ಲುಗಳೂ ನಿರಪಾಯಕರ. ಸಿಮೆಂಟು, ಚಿಪ್ಪಿನ ಪುಡಿ, ಮರಳುಗಳನ್ನು ಬೆರಸಿ ಮನೆಯಲ್ಲೇ ಕಲ್ಲು ಎರೆಯುವವರಿದ್ದಾರೆ. ಕೈಗೆಲಸದಲ್ಲಿ ಆಸಕ್ತಿಯಿರುವವರಿಗೆ ಇದು ಒಳ್ಳೆಯ ದಾರಿಯೇ. ಆದರೆ ಹೊಸ ಸಿಮೆಂಟಿನಿಂದ ಹೊರಡುವ ಸುಣ್ಣದ ಸತ್ತ್ವ ನೀರಿನ ಪಿಎಚ್ಚನ್ನು 12ರ ಸಮೀಪಕ್ಕೆ ಕೊಂಡೊಯ್ಯಬಲ್ಲುದಾದುದರಿಂದ, ಎರೆದ ಕಲ್ಲನ್ನು ಸಿಹಿನೀರಿನಲ್ಲಿ ಆರರಿಂದ ಎಂಟು ವಾರ ನೆನೆಹಾಕಿ, ನೀರನ್ನು ಮತ್ತೆ ಮತ್ತೆ ಬದಲಿಸಿ, ಎರಡು ದಿನ ಹಾಗೆಯೇ ಬಿಟ್ಟ ನೀರಿನ ಪಿಎಚ್ 8.5ನ್ನು ಮೀರದ ಮೇಲೆಯೇ ಬಳಸತಕ್ಕದ್ದು. ವೀಳ್ಯದೆಲೆಗೆ ಸವರುವ ಸುಣ್ಣದ ತಿಳಿಯನ್ನೇ ಹನಿಹನಿಯಾಗಿ ತೊಟ್ಟಿಗೆ ಬಿಟ್ಟು ಹವಳಕ್ಕೆ ಕ್ಯಾಲ್ಸಿಯಂ ಒದಗಿಸುವ ಕ್ರಮವನ್ನು 1970ರ ದಶಕದಲ್ಲಿ ಪೀಟರ್ ವಿಲ್ಕೆನ್ಸ್ ಎಂಬ ಹವಳ ಸಾಕಣೆಗಾರರು ಪ್ರಚಾರಕ್ಕೆ ತಂದರೆಂಬುದು ಇಲ್ಲಿ ನೆನಪಾಗುತ್ತದೆ. ಹನಿಯಾಗಿ ಬಂದರೆ ಪೋಷಣೆ, ಒಮ್ಮೆಲೇ ಬಂದರೆ ಮಾರಕ.

ಸಮುದ್ರಮೂಲದ ಲೈವ್ ರಾಕ್ ನ್ಯಾಯವಾದ ಮಾರ್ಗದಲ್ಲಿ ದೊರೆತರೆ ಅದನ್ನು ನೇರವಾಗಿ ತೊಟ್ಟಿಗೆ ಹಾಕಬಾರದು. ಪ್ರಯಾಣದಲ್ಲಿ ಅದರ ಮೇಲಿನ ಎಷ್ಟೋ ಜೀವಿಗಳು ಸತ್ತು ಕೊಳೆಯುತ್ತಿರುತ್ತವೆ. ಬೇರೆ ಪಾತ್ರೆಯಲ್ಲಿ, ಮಂದ ಬೆಳಕಿನಲ್ಲಿ, ಉಪ್ಪುನೀರು ಜೋರಾಗಿ ಹರಿದಾಡುವಂತೆ ಇರಿಸಿ, ಸತ್ತ ಭಾಗಗಳನ್ನು ಬ್ರಷ್ಷಿನಿಂದ ಉಜ್ಜಿ ತೆಗೆದು, ಅಮೋನಿಯವೂ ನೈಟ್ರೈಟೂ ಶೂನ್ಯವಾಗುವ ತನಕ ಕಾಯಬೇಕು. ಇದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೂಗೂ ಒಂದು ಸಾಧನ: ಒಳ್ಳೆಯ ಕಲ್ಲಿಗೆ ಕಡಲತೀರದ ವಾಸನೆ, ಕೆಟ್ಟದ್ದಕ್ಕೆ ಕೊಳೆತ ಮೊಟ್ಟೆಯ ನಾತ. ರಾತ್ರಿ ದೀಪವಾರಿಸಿ ಕೆಂಪು ಬೆಳಕಿನ ಟಾರ್ಚಿನಿಂದ ನೋಡಿದರೆ ಕಲ್ಲಿನೊಳಗೆ ಅಡಗಿಕೊಂಡ ಮ್ಯಾಂಟಿಸ್ ಸಿಗಡಿ, ಮುಳ್ಳುಗೂದಲಿನ ಹುಳು ಮೊದಲಾದವು ಕಾಣಿಸಿಕೊಳ್ಳುತ್ತವೆ. ಏಪ್ಟೇಸಿಯ ಎಂಬ ಕಂದುಬಣ್ಣದ ಪುಟ್ಟ ಹೂವಿನಂತಹ ಪ್ರಾಣಿ ಒಂದೇ ಒಂದಿದ್ದರೂ ಆಗಲೇ ನಿವಾರಿಸಿಕೊಳ್ಳಬೇಕು. ಅದನ್ನು ತುಂಡರಿಸಿದರೆ ಪ್ರತಿಯೊಂದು ಚೂರೂ ಹೊಸ ಗಿಡದಂತೆ ಚಿಗುರುತ್ತದೆ.

ಈ ಜೀವಿಗಳನ್ನು ಕೊಲ್ಲಲು ಕಲ್ಲನ್ನು ಕುದಿಸಿಬಿಟ್ಟರಾಯಿತೆಂದು ಸಲಹೆ ಕೊಡುವವರಿದ್ದಾರೆ. ವಾಚಕರಲ್ಲಿ ನನ್ನ ವಿನಂತಿ: ಯಾವ ಕಾರಣಕ್ಕೂ ಸಮುದ್ರದ ಕಲ್ಲನ್ನು ಅಡಿಗೆಮನೆಯ ಒಲೆಯ ಮೇಲೆ ಇಡಬೇಡಿ, ಬಿಸಿನೀರನ್ನು ಅದರ ಮೇಲೆ ಸುರಿಯಬೇಡಿ. ಪಾಲಿಥೋವ ಎಂಬ ಗುಂಡಿಯಾಕಾರದ ಮೆದು ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ವಿಷವಿರುತ್ತದೆ. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಪ್ರತ್ಯೇಕಿಸಿ ವರದಿಮಾಡಿದ ಈ ದ್ರವ್ಯವು ಪ್ರಪಂಚದಲ್ಲಿ ತಿಳಿದಿರುವ ಅತ್ಯುಗ್ರ ವಿಷಗಳಲ್ಲೊಂದು. ಕುದಿಯುವ ನೀರಿನ ಹಬೆಯೊಂದಿಗೆ ಅದು ಗಾಳಿಗೆ ಸೇರಿ, ಮನೆಮಂದಿಯೆಲ್ಲ ಜ್ವರ, ಕೆಮ್ಮು, ಉಸಿರಾಟದ ತೊಂದರೆಗಳಿಂದ ಆಸ್ಪತ್ರೆ ಸೇರಿದ ಪ್ರಸಂಗಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಇಂತಹ ಕಲ್ಲನ್ನು ಮುಟ್ಟುವಾಗ ಕೈಗೆ ಗವಸು, ಕಣ್ಣಿಗೆ ಕನ್ನಡಕ ಇರಲಿ. ಕೈಯಲ್ಲಿ ಗಾಯವಿದ್ದರೆ ಆ ದಿನ ಮುಟ್ಟಲೇಬೇಡಿ.

ಹಳೆಯ ಒಣಕಲ್ಲನ್ನು ಶುದ್ಧಿಮಾಡಲು ಬ್ಲೀಚಿನ ದ್ರಾವಣದಲ್ಲಿ ಒಂದೆರಡು ದಿನ ಮುಳುಗಿಸಿ, ತೊಳೆದು, ಕ್ಲೋರಿನ್ ನಿವಾರಕ ಹಾಕಿದ ನೀರಿನಲ್ಲಿ ನೆನೆಸಿ, ವಾಸನೆ ಹೋಗುವ ತನಕ ಬಿಸಿಲಲ್ಲಿ ಒಣಗಿಸುವುದು ಸಾಕಾಗುತ್ತದೆ. ಹೊರಪದರವನ್ನೇ ಕರಗಿಸಬೇಕೆಂದು ಆಮ್ಲವನ್ನು ಬಳಸುವವರು ಬಯಲಿನಲ್ಲಿ ನಿಂತು, ನೀರಿಗೆ ಆಮ್ಲವನ್ನು ಸುರಿಯಬೇಕೇ ವಿನಾ ಆಮ್ಲಕ್ಕೆ ನೀರನ್ನು ಸುರಿಯಬಾರದು. ಬ್ಲೀಚೂ ಆಮ್ಲವೂ ಒಂದೇ ಪಾತ್ರೆಯಲ್ಲಿ ಎಂದೂ ಕೂಡಬಾರದು. ಕೂಡಿದರೆ ಹೊರಡುವುದು ಪ್ರಾಣಾಂತಿಕವಾದ ಕ್ಲೋರಿನ್ ಅನಿಲ.

ಒಣಕಲ್ಲಿಗೂ ಒಂದು ದೋಷವುಂಟು, ಅದು ಫಾಸ್ಫೇಟು. ಸುಣ್ಣದ ಮೈಗೆ ಫಾಸ್ಫೇಟು ಅಂಟಿಕೊಳ್ಳುವ ಗುಣವಿರುವುದರಿಂದ, ಹಿಂದೆ ಜೀವಭರಿತವಾಗಿದ್ದು ಸತ್ತು ಒಣಗಿದ ಕಲ್ಲು ಅದನ್ನು ಹೊತ್ತು ತಂದು, ನಿಮ್ಮ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಇಳಿಸುತ್ತಿರುತ್ತದೆ. ಹವಳದ ತೊಟ್ಟಿಯಲ್ಲಿ ಫಾಸ್ಫೇಟು ಲೀಟರಿಗೆ 0.03ರಿಂದ 0.1 ಮಿಲಿಗ್ರಾಮಿನ ಒಳಗಿದ್ದರೆ ಕ್ಷೇಮ. ಅದನ್ನು ಬಹಳ ಮೀರಿದರೆ ಕೂದಲಿನಂತಹ ಹಸಿರು ಪಾಚಿ ಕಲ್ಲನ್ನು ಮುಚ್ಚುತ್ತದೆ, ಹವಳದ ಬೆಳವಣಿಗೆ ಕುಂಠಿತವಾಗುತ್ತದೆ. ಇದನ್ನು ಮೊದಲೇ ತಿಳಿಯಲು ನಾನು ಎರಡು ಬಕೆಟ್ಟುಗಳ ಪರೀಕ್ಷೆಯನ್ನು ಮಾಡುತ್ತೇನೆ. ಎರಡಕ್ಕೂ ಒಂದೇ ಸಲ ಕದಡಿದ, ಸಾಪೇಕ್ಷ ಸಾಂದ್ರತೆ 1.025 ಇರುವ ಉಪ್ಪುನೀರನ್ನು ತುಂಬಿ, ಒಂದೊಂದು ಪುಟ್ಟ ಪಂಪನ್ನಿಟ್ಟು, ಒಂದರಲ್ಲಿ ಮಾತ್ರ ಕಲ್ಲನ್ನು ಹಾಕಿ ಮುಚ್ಚುತ್ತೇನೆ. ಪ್ರತಿ ಭಾನುವಾರ ಎರಡರಲ್ಲಿಯೂ ಅಮೋನಿಯ, ಫಾಸ್ಫೇಟು, ಪಿಎಚ್ ಅಳೆದು ಬರೆದಿಡುತ್ತೇನೆ. ಕಲ್ಲಿಲ್ಲದ ಬಕೆಟ್ಟು ಏಕೆಂದರೆ, ಕಂಡ ದೋಷ ಕಲ್ಲಿನದೋ ಉಪ್ಪಿನದೋ ನೀರಿನದೋ ಎಂಬ ಸಂಶಯಕ್ಕೆ ಉತ್ತರ ಹೇಳುವುದು ಅದೇ. ನಾಲ್ಕು ವಾರಗಳಲ್ಲಿ ಎರಡರ ಲೆಕ್ಕವೂ ಒಂದಾದರೆ ಕಲ್ಲು ಯೋಗ್ಯ; ಕಲ್ಲಿನ ಬಕೆಟ್ಟಿನಲ್ಲಿ ಫಾಸ್ಫೇಟು ಏರಿದ್ದರೆ ನೀರು ಬದಲಿಸಿ ಮತ್ತೊಂದು ತಿಂಗಳು ಮುಂದುವರಿಸಬೇಕು. ತಾಮ್ರದ ವಿಷಯದಲ್ಲಿ ಮಾತ್ರ ಅಂಗಡಿಯ ಪರೀಕ್ಷಾ ಕಿಟ್ಟನ್ನು ನೆಚ್ಚುವಂತಿಲ್ಲ: ಬಸವನಹುಳುವನ್ನು ಕೊಲ್ಲುವಷ್ಟು ಸೂಕ್ಷ್ಮ ಪ್ರಮಾಣವನ್ನು ಅದು ಅನೇಕ ವೇಳೆ ಕಾಣದು. ನೀರಿನ ಮಾದರಿಯನ್ನು, ಲೋಹಗಳ ಸೂಕ್ಷ್ಮ ಪ್ರಮಾಣವನ್ನೂ ಅಳೆಯುವ ಐಸಿಪಿ ಎಂಬ ಪರೀಕ್ಷೆಯನ್ನು ಮಾಡುವ ಪ್ರಯೋಗಶಾಲೆಗೆ ಕಳುಹಿಸುವುದೇ ನಿಶ್ಚಿತವಾದ ಮಾರ್ಗ.

ರಂಧ್ರಗಳನ್ನು ಅಳೆಯುವ ಕ್ರಮ ಬಹಳ ಸುಲಭ. ಒಣಗಿದ ಕಲ್ಲನ್ನು ತೂಗಿ, ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಮೇಲಿನ ನೀರು ಇಳಿದ ಮೇಲೆ ಮತ್ತೆ ತೂಗಬೇಕು. 2 ಕಿಲೋ ಇದ್ದದ್ದು 2.5 ಕಿಲೋ ಆಯಿತೆಂದರೆ ಅರ್ಧ ಲೀಟರು ನೀರು ಒಳಗೆ ಹೋಗಿದೆ. ಬ್ಯಾಕ್ಟೀರಿಯಗಳಿಗೆ ಅಷ್ಟು ವಾಸಸ್ಥಾನ. ಹಿಂದಿನ ಪುಸ್ತಕಗಳು ಲೀಟರಿಗೆ 120ರಿಂದ 240 ಗ್ರಾಮಿನಷ್ಟು ಕಲ್ಲು ಬೇಕೆನ್ನುತ್ತಿದ್ದವು. ಹಗುರವಾದ ಸರಂಧ್ರ ಶಿಲೆಯಾದರೆ ಅದರ ಅರ್ಧವೇ ಸಾಕೆಂಬುದು ಈಗಿನವರ ಅನುಭವ, ನನ್ನದೂ ಹೌದು. 200 ಲೀಟರಿನ ತೊಟ್ಟಿಗೆ 12ರಿಂದ 18 ಕಿಲೋ ಆದರೆ ಮೀನುಗಳಿಗೆ ಈಜಲು ಜಾಗವೂ, ನೀರಿಗೆ ಹರಿಯಲು ದಾರಿಯೂ ಉಳಿಯುತ್ತವೆ.

ಜೋಡಿಸುವಾಗ ಕಲ್ಲು ಮೊದಲು, ಮರಳು ಆಮೇಲೆ. ಮರಳಿನ ಮೇಲೆ ಕೂರಿಸಿದ ಕಲ್ಲಿನ ಅಡಿಯನ್ನು ಗೋಬಿ ಮೀನಾಗಲಿ ಸಿಗಡಿಯಾಗಲಿ ತೋಡಿದರೆ ಅದು ಉರುಳಿ ಗಾಜನ್ನು ಒಡೆಯುತ್ತದೆ. ನಡುರಾತ್ರಿಯಲ್ಲಿ 200 ಲೀಟರು ಉಪ್ಪುನೀರು ನೆಲದ ಮೇಲೆ ಹರಿದ ಮನೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗಾಜಿನ ತಳಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಜಾಲರಿಯನ್ನು ಹಾಸಿ, ಅಗಲವಾದ ಕಲ್ಲುಗಳನ್ನು ಮೂರು ಕಡೆ ಊರುವಂತೆ ಕೂರಿಸಿ, ಮೇಲಿನವನ್ನು ನೀರಿಗೆ ಯೋಗ್ಯವಾದ ಎಪಾಕ್ಸಿಯಿಂದ ಬೆಸೆಯಿರಿ. ಕಬ್ಬಿಣದ ಸರಳು, ತಾಮ್ರದ ತಂತಿ ಬೇಡ. ಅಕ್ರಿಲಿಕ್ ಕಡ್ಡಿಯಾದರೆ ಬಾಧಕವಿಲ್ಲ. ಹಿಂದಿನ ಗಾಜಿಗೆ ಒತ್ತಿ ಜೋಡಿಸಬೇಡಿ, ಅಲ್ಲಿ ಕಸ ಕೂಡುತ್ತದೆ.

ಒಣಕಲ್ಲಿನ ತೊಟ್ಟಿ ಮೊದಲ ಕೆಲವು ತಿಂಗಳು ಬೋಳಾಗಿ, ಬಿಳಿಯಾಗಿ, ಆಮೇಲೆ ಕಂದು ಪಾಚಿ ಹಿಡಿದು ಕುರೂಪವಾಗಿ ಕಾಣುತ್ತದೆ. ಆ ಕಾಲದಲ್ಲಿ ಧೈರ್ಯಗೆಟ್ಟು ಎಲ್ಲಿಂದಲೋ ಬಣ್ಣದ ಕಲ್ಲನ್ನು ತಂದು ಹಾಕಬೇಡಿ; ಪರಿಚಯದ, ತಾಮ್ರ ಕಾಣದ ತೊಟ್ಟಿಯಿಂದ ಒಂದು ಹಿಡಿ ಮರಳನ್ನೋ ಬೆರಳುಗಾತ್ರದ ಕಲ್ಲನ್ನೋ ಕೇಳಿ ತಂದರೆ ಸಾಕು, ನೇರಳೆಯ ಸುಣ್ಣಪಾಚಿ ತಾನಾಗಿ ಹಬ್ಬುತ್ತದೆ. ಈ ಲೇಖನವನ್ನು ಓದಿ ತೊಟ್ಟಿಯನ್ನು ಮಾಡಬೇಕೆಂದು ಮನಸ್ಸಾದವರು ದೀಪವನ್ನಾಗಲಿ ಮೀನನ್ನಾಗಲಿ ಕೊಳ್ಳಲು ಅವಸರಪಡದೆ, ಈ ವಾರ ಎರಡು ಬಕೆಟ್ಟುಗಳನ್ನೂ ಒಂದು ಶುದ್ಧವಾದ ಒಣಕಲ್ಲನ್ನೂ ಕೊಂಡು ತಂದು, ಮೊದಲ ಭಾನುವಾರದ ಲೆಕ್ಕವನ್ನು ಬರೆದಿಡಿ.